ಹಾರಿಸಿದ ಪುಟಗಳು

ಜೂನ್ 9, ಸೋಮವಾರ

ಕಂಪನಿ ಬಸ್ಸು ಇವತ್ತೂ ಲೇಟು. ಸೂಳಗಿರಿಯಿಂದ ಹೊಸೂರು ತಲುಪುವಷ್ಟರಲ್ಲಿ ಎರಡು ಅಧ್ಯಾಯ ಮುಗಿಯಿತು. ಓದುವುದು ನಾನು, ಪಕ್ಕದಲ್ಲಿ ಕೂತು ಕೇಳುವುದು ಮೆಹರ್. ಅವಳದು ತಮಿಳು ಮೀಡಿಯಂ — ಕನ್ನಡ ಮಾತು ಬರುತ್ತದೆ, ಅಕ್ಷರ ಬರದು. ಕಾದಂಬರಿಯಲ್ಲಿ ಶಿಲ್ಪಿಯ ಮಗಳು ಗಿರಿಜೆಯನ್ನು ಸುಲ್ತಾನನ ದಂಡು ಹೊತ್ತೊಯ್ದಿದೆ.

"ಅಯ್ಯೋ ಪಾಪ, ಆ ಹುಡ್ಗಿ ಮನೆ ಸೇರ್ತಾಳೇನೆ ಉಷಾ?"

ಲೈನ್‌ನಲ್ಲಿ ನಿಂತು ಪಾರ್ಟ್ಸ್ ಜೋಡಿಸುವಾಗಲೂ ಅವಳಿಗೆ ಅದೇ ಚಿಂತೆ.

ಜೂನ್ 12, ಸಂಜೆ

ಮುಂದಿನ ಅಧ್ಯಾಯ ಮನೆಯಲ್ಲೇ ಓದಿಕೊಂಡೆ. ದೇವಸ್ಥಾನ ಒಡೆಯುವ ಭಾಗ. ನನ್ನ ರಕ್ತವೂ ಕುದಿಯಿತು, ಸುಳ್ಳೇಕೆ. ಆಮೇಲೆ ಲೇಖಕ ಸುಲ್ತಾನನನ್ನು ಬಿಟ್ಟು ಅವನ ಮತದವರನ್ನೆಲ್ಲ ಬೈಯಲು ಹಿಡಿದ — ಆಗಿನವರನ್ನು, ಈಗಿನವರನ್ನು... ಥೂ. ಕಲ್ಲು ಉರುಳುವುದನ್ನು ಅಷ್ಟು ಚೆನ್ನಾಗಿ ಬರೆದ ಕೈಯೇ ಇದನ್ನೂ ಬರೆದದ್ದು? ಮೆಹರ್‌ಗೆ ಹೇಗೆ ಓದಲಿ?

ಜೂನ್ 13

ಓದಲಿಲ್ಲ. ನಾಲ್ಕು ಹಾಳೆ ಒಟ್ಟಿಗೆ ಮಗುಚಿದೆ. ಮೆಹರ್ ಕೈ ಹಿಡಿದಳು.

"ಓದಕ್ ಬರಲ್ಲ ಕಣೇ, ಕಣ್ ಕಾಣ್ಸುತ್ತೆ. ಏನೈತೆ ಅದ್ರಾಗೆ?"

"ಏನಿಲ್ಲ, ಬೋರು."

"ನಮ್ಮೋರ್ನ ಬೈದವ್ರಾ?"

ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿದೆ.

"ಓದಿದ್ರೆ ನಿನ್ ಹತ್ರ ಕುಂತು ಜಗಳ ಆಡ್ತಿದ್ದೆ. ಬಚ್ಚಿಟ್ಬುಟ್ಟೆ. ಅಂದ್ರೆ ನೀನೂ ಒಪ್ಕೊಂಡಂಗೇ ಅಲ್ವಾ?"

ಎದ್ದು ಹಿಂದಿನ ಸೀಟಿಗೆ ಹೋದಳು.

ಜುಲೈ 3

ಟಿಫನ್‌ಗೂ ಬೇರೆ ಕೂರುತ್ತಾಳೆ. ಅವಳ ಪಾಲಿನ ಉಪ್ಪಿನಕಾಯಿ ದಿನಾ ವಾಪಸ್ ತರುತ್ತಿದ್ದೇನೆ.

ಇವತ್ತು ಒಬ್ಬಳೇ ಪುಸ್ತಕ ಮುಗಿಸಿದೆ. ಗಿರಿಜೆ ತಪ್ಪಿಸಿಕೊಂಡು ಊರಿಗೆ ಬರುತ್ತಾಳೆ. ದಂಡಿನಲ್ಲಿದ್ದು ಬಂದವಳೆಂದು ಹೆತ್ತ ಅಪ್ಪನೇ ಬಾಗಿಲು ತೆಗೆಯುವುದಿಲ್ಲ. ಬಸ್ಸಿನಲ್ಲೇ ಅತ್ತುಬಿಟ್ಟೆ. ಆ ಬೈಗುಳ ಬರೆದವನೇ ಇದನ್ನೂ ಬರೆದಿದ್ದಾನೆ. ಅವನನ್ನು ಏನನ್ನಲಿ? ಮೆಹರ್ ಪಕ್ಕದಲ್ಲಿದ್ದಿದ್ದರೆ ಇಬ್ಬರೂ ಅಳುತ್ತಿದ್ದೆವು.

ಜುಲೈ 5, ಶನಿವಾರ

ಮೆಹರ್ ಕೆಲಸ ಬಿಟ್ಟಳು. ಮದುವೆಯಂತೆ, ಆಂಬೂರಿಗೆ. ನನಗೆ ಹೇಳಿದ್ದು ಸೂಪರ್‌ವೈಸರ್. ಇವತ್ತೇ ಅವಳ ಕೊನೆಯ ದಿನ.

ಸಂಜೆ ಬಸ್ಸಿನಲ್ಲಿ ಅವಳ ಸ್ಟಾಪ್ ಬಂತು. ಇಳಿಯುವ ಮುಂಚೆ ನನ್ನ ಸೀಟಿನ ಹತ್ತಿರ ನಿಂತಳು.

"ಲೇ ಉಷಾ, ಆ ಹುಡ್ಗಿ ಮನೆ ಸೇರಿದ್ಲಾ?"

ಮುಖ ನೋಡಿದೆ. ಮದುವೆಯ ಹೆಣ್ಣು. "ಸೇರಿದ್ಲು ಕಣೇ. ಅವ್ರಪ್ಪ ಬಾಗ್ಲಲ್ಲೇ ಕಾಯ್ತಿದ್ದ" ಅಂದುಬಿಟ್ಟೆ.

"ಸದ್ಯ" ಅಂದು ನಕ್ಕಳು. ಇಳಿದು ಹೋದಳು.

ಮತ್ತೆ ಹಾರಿಸಿದೆ. ನನ್ನ ಬಾಯಿಗೆ ಮಣ್ಣು ಬೀಳ. ಸೋಮವಾರ ರಜೆ ಹಾಕಿ ಅವಳ ಮನೆಗೇ ಹೋಗಿ, ಪಕ್ಕದಲ್ಲಿ ಕೂತು, ಆ ನಾಲ್ಕು ಹಾಳೆಯಿಂದಲೇ...