ಹಿಂದಕ್ಕೆ ಹರಿದ ಶಿರಿಯ ಹೊಳೆ

ಪ್ರೀತಿಯ ಅಜ್ಜಿಗೆ,

ನಾನು ಅಡುಗೆ ಕೆಲಸಕ್ಕೆ ಸೇರಿದ ಮನೆ ಅಳಿವೆಯ ಪಕ್ಕದಲ್ಲಿಯೇ ಇದೆ. ನಮ್ಮ ಗುಡ್ಡದ ಕಡೆಯಿಂದ ಇಳಿಯುವ ಶಿರಿಯ ಹೊಳೆ ಇಲ್ಲಿಯೇ ಕಡಲು ಸೇರುವುದು. ನಿನ್ನೆ ಹುಣ್ಣಿಮೆ. ಬೆಳಿಗ್ಗೆ ಪಾತ್ರೆ ತೊಳೆಯುವಾಗ ಬಾಲ್ದಿ ನೀರಿಗೆ ಬಿತ್ತು. ಹಿಡಿಯಲು ನಾನು ಕಡಲಿನ ಕಡೆಗೆ ಓಡಿದೆ. ಬಾಲ್ದಿ ನಮ್ಮ ಊರಿನ ಕಡೆಗೆ ತೇಲಿತು! ಹೊಳೆಗೆ ಹೊಳೆಯೇ ಹಿಂದಕ್ಕೆ ಹರಿಯುತ್ತಿತ್ತು.

ಮನೆಯ ಕುಸುಮಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂತ ಮಾರಾಯ್ತಿ, ಭರತ ನೋಡಿಲ್ವಾ, ಕಡಲಿನ ಉಬ್ಬರ? ನೀರನ್ನು ಚಂದ್ರ ಎಳೆಯುವುದು. ಹುಣ್ಣಿಮೆಗೆ, ಅಮಾವಾಸ್ಯೆಗೆ ಜೋರು."

ಚಂದ್ರನ ಕೈ ಇಷ್ಟು ಉದ್ದವೇ ಎಂದು ನನ್ನ ಮೈ ಜುಮ್ಮೆಂದಿತು. ಅಮಾವಾಸ್ಯೆ ಬಂದರೆ ಗಾಳಿಯ ಜೋರು ತಗ್ಗುತ್ತದೆ ಎಂದು ನೀವು ಹೇಳುವುದು ನೆನಪಾಗಿ ಮೆಲ್ಲಗೆ ಕೇಳಿದೆ: "ಹಾಗಾದರೆ ಅಮಾವಾಸ್ಯೆಗೆ ಗಾಳಿಯೂ ಇಳೀತದಾ ಅಕ್ಕ?"

ಅವರ ನಗು ನಿಂತಿತು. "ನೀರು ಚಂದ್ರನ ಮಾತು ಕೇಳ್ತದೆ. ಗಾಳಿ ಯಾರದ್ದೂ ಕೇಳುವುದಿಲ್ಲ. ಹೋದ ವರ್ಷ ನನ್ನ ಮಗ ಅಮಾವಾಸ್ಯೆಯನ್ನು ನಂಬಿ ಕಡಲಿಗೆ ಹೋದವ, ದೋಣಿ ಮಗುಚಿ ಈಜಿಕೊಂಡು ಬಂದ."

ಆದ್ದರಿಂದ ಅಜ್ಜಿ, ಅಮಾವಾಸ್ಯೆಗೆ ಗಾಳಿ ಇಳಿಯಲಿ ಎಂದು ಕಾಯಬೇಡಿ. ನೀವು ಮಲಗುವ ಕೋಣೆಯ ಸಡಿಲ ಹಂಚುಗಳನ್ನು ಈ ಕಾರ್ಡು ಸಿಕ್ಕಿದ ದಿನವೇ ಮಾವನಿಂದ ಸರಿ ಮಾಡಿಸಿ. ಅಲ್ಲಿಯವರೆಗೆ ಚಾವಡಿಯಲ್ಲಿ ಮಲಗಿ.

ನನ್ನ ಜ್ವರ ಬಿಟ್ಟಿದೆ, ಊಟ ಸೇರುತ್ತದೆ. ಬಾಲ್ದಿ ಮಾತ್ರ ಇನ್ನೂ ಸಿಕ್ಕಿಲ್ಲ. ನಮ್ಮ ಊರಿನ ಹೊಳೆಬದಿಯಲ್ಲಿ ನೀಲಿ ಬಾಲ್ದಿಯೊಂದು ಕಂಡರೆ ತೆಗೆದಿಡಿ, ಅದು ನನ್ನದೇ.

ಜಾಗ ಮುಗಿಯಿತು.
ನಿಮ್ಮ ಅಕ್ಕು