ದಿಂಬಿನ ಕೆಳಗಿನ ಚಾಕು

ನವೆಂಬರ್ 16, ರಾತ್ರಿ ಎರಡೂವರೆ. ಕೂಸಿನ ಅಳುವಿಗೆ ಎಚ್ಚರವಾಯಿತು.

ಸಂಜೆಯ ಬಸ್ಸಿಗೆ ಮುರುಡೇಶ್ವರಕ್ಕೆ ಹೋದ ಇವರ ಫೋನು ಹತ್ತುತ್ತಿಲ್ಲ. ಬೆಳಿಗ್ಗೆ ಗೆಳೆಯರೊಂದಿಗೆ ಸಮುದ್ರದಲ್ಲಿ ಮುಳುಗಿ, ತಳದಲ್ಲಿ ಸಿಕ್ಕಿಕೊಂಡ ಹಳೆಯ ಬಲೆಗಳನ್ನು ಕತ್ತರಿಸಿ ತೆಗೆಯುತ್ತಾರಂತೆ, ಅದೂ ಪುಕ್ಕಟೆ. ದಢೇಸುಗೂರಿನ ಕಾಲುವೆಯಲ್ಲಿ ಈಜು ಕಲಿತವರಿಗೆ ಸಮುದ್ರದ ಮೇಲೆ ಇಷ್ಟೇಕೆ ಮಮತೆ? ಅಲ್ಲೊಬ್ಬಳು ಇದ್ದಾಳೆಂದೇ ನನ್ನ ಗುಮಾನಿ.

ಕೂಸಿನ ಬಟ್ಟೆ ಬದಲಿಸುವಾಗ ದಿಂಬಿನ ಕೆಳಗೆ ಬಲೆ ಕತ್ತರಿಸುವ ಇವರ ಚಾಕು ಸಿಕ್ಕಿತು. ಹಾಗಾದರೆ ಎಲ್ಲ ಸುಳ್ಳೇ! ಅತ್ತೆಯನ್ನು ಎಬ್ಬಿಸಿ ಕೇಳಿದೆ.

"ಅವನ ಚೀಲದಾಗಿಂದ ನಾನಽ ತಗದೀನಿ. ಕಬ್ಬಿಣ ಇದ್ರ ಕೂಸಿಗೆ ಗಾಳಿ ಸೋಕಂಗಿಲ್ಲಬೇ. ಅಡ್ಡಾಡಾಕ ಹೋಗಾವಗ ಚಾಕು ಯಾಕ?" ಎಂದು ಮಗ್ಗುಲಾದರು.

ಕಾಲಿಗೆ ಬಲೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಇವರಿಗಿದ್ದದ್ದು ಅದೊಂದೇ.

ರೀ, ಯಾರ ಮನೆಯಲ್ಲಾದರೂ ಇರಿ, ನಾನು ಕೇಳುವುದಿಲ್ಲ. ನೀರಿಗೆ ಮಾತ್ರ ಇಳಿಯಬೇಡಿ. ಬೆಳಗಾಗುವ ಮೊದಲು ಒಂದೇ ಒಂದು ಫೋನ್ ಮಾಡಿ, ನಾನು ಎದ್ದೇ ಇರುತ್ತೇನೆ.