ಎಂಟು ಹನಿ ಮತ್ತು 'ಶಾಂತ' ಎಂಬ ಷರಾ

ಒತ್ತಡ ಪರೀಕ್ಷಾ ಘಟಕದ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ಅಕ್ಕ ಸಾಯ್‌ರುಂಗ್ ನಿಮ್ಮ ಕೋಣೆಯಲ್ಲಿ ಜೀವ ಹೋಗುವಷ್ಟು ಹೆದರಿದ್ದಳು. ನೀವು ಅವಳ ಕಡತದಲ್ಲಿ 'ಶಾಂತ' ಎಂದು ಬರೆದಿರಿ. ಆ ಒಂದು ಷರಾ ನಂಬಿ ಅವಳಿಗೆ ದಿನಕ್ಕೆ ಎಂಟು ಹನಿ ಗಾಂಜಾ ಎಣ್ಣೆ ಗೊತ್ತುಮಾಡಿದಿರಿ. ಇಂದಿಗೆ ಹತ್ತೊಂಬತ್ತು ದಿನ. ನಿನ್ನೆ ಶನಿವಾರ ಅವಳು ತನ್ನ ಐದು ವರ್ಷದ ಮಗಳು ಮುಕ್‌ಳನ್ನು ಮಳೆನೀರಿನ ಗುಡಾಣದೊಳಗೆ ಇಳಿಸಿ ಮುಚ್ಚಳ ಹಾಕಿದಳು.

ನಾನು ಆರನೆಯ ತರಗತಿಗೆ ಶಾಲೆ ಬಿಟ್ಟವಳು. ದೊಡ್ಡವರ ಎದುರು ನಿಂತರೆ ಹೇಳಬೇಕಾದ್ದು ಬಿಟ್ಟು ಕೈಮುಗಿದು ಬರುತ್ತೇನೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗೆ ಕೊಟ್ಟ ಅರ್ಜಿಗಳು ನಿಮ್ಮ ಮೇಜಿನ ಮೇಲೆ ಬಹಳ ಶಾಂತವಾಗಿ ಮಲಗಿವೆಯಂತೆ.

ಎರಡು ವರ್ಷದ ಹಿಂದೆ, ಮಳೆಗಾಗಿ ಆಕಾಶಕ್ಕೆ ಮದ್ದು ತುಂಬಿದ ಬಾಣ ಹಾರಿಸುವ ನಮ್ಮ ಹಬ್ಬದಲ್ಲಿ, ಭಾವ ಖಮ್ಪಾನ್ ಬತ್ತಿಗೆ ಬೆಂಕಿ ಇಟ್ಟು ಬಿದಿರಿನ ಅಟ್ಟದಿಂದ ಇಳಿಯುತ್ತಿದ್ದ. ಬಾಣ ಮೇಲೇರದೆ ಅಲ್ಲೇ ಸಿಡಿಯಿತು. ಅಕ್ಕ ಅವನನ್ನು ಗುರುತಿಸಿದ್ದು ತಾನು ಬೆಳಿಗ್ಗೆ ಇಸ್ತ್ರಿ ಮಾಡಿಕೊಟ್ಟ ಅಂಗಿಯ ತೋಳಿನಿಂದ. ಅಂದಿನಿಂದ ಬೈಕು ಪಟ್ ಎಂದರೂ ಮಂಚದಡಿ ಸೇರುತ್ತಿದ್ದಳು. ಊರ ಹಿರಿಯರು ಅವಳ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ, ಹೆದರಿಕೆಗೆ ಮೈಬಿಟ್ಟು ಓಡಿದ ಚೈತನ್ಯವನ್ನು ಹೆಸರು ಹಿಡಿದು ಕರೆದರು. ಅರ್ಧ ಬಂತು, ಅರ್ಧ ಬರಲಿಲ್ಲ.

ಉಳಿದರ್ಧವನ್ನು ಕರೆತಂದದ್ದು ನಾಟಿ ವೈದ್ಯ ಬುಂತಾ ತಾತ. ಕೋಳಿಸಾರಿಗೆ ಮೂರು ಗಾಂಜಾ ಎಲೆ, ಅಷ್ಟೇ. "ನಾಲ್ಕನೇ ಎಲೆ ಹಾಕಿದ್ರೆ ಸೊಸೆಗೆ ಅತ್ತೆ ಮೇಲೆ ಪ್ರೀತಿ ಬರುತ್ತೆ. ಐದನೇದು ಹಾಕಿದ್ರೆ ಅತ್ತೇನೇ ಹುಲಿ ಅಂತ ಓಡ್ತಾಳೆ. ಹುಷಾರು ಕಣೇ ಲಮ್ದುವನ್," ಎಂದು ನನಗೆ ಹೇಳಿದ್ದ. ಎಂಟು ತಿಂಗಳು ಅಕ್ಕ ಉಂಡಳು, ಮಲಗಿದಳು, ಮಗಳ ತಲೆ ಬಾಚಿದಳು. ಆಗ ನೀವು ರಾಜಧಾನಿಯಿಂದ ನಮ್ಮನ್ನು ಉದ್ಧಾರ ಮಾಡಲು ಬಂದಿರಿ. ಎಲೆಯ ಸಾರು ಬಿಡಿಸಿ, ಅಳತೆಯ ಎಣ್ಣೆ ಕೊಡುತ್ತೇವೆಂದು ಅಕ್ಕನ ಹೆಸರನ್ನು ನಿಮ್ಮ ಪ್ರಯೋಗಕ್ಕೆ ಬರೆದುಕೊಂಡಿರಿ.

ನಿಮ್ಮ ಗೋಡೆಯ ಮೇಲಿನ ಚಿತ್ರಪಟವನ್ನು ನಾನು ಎರಡು ಸಲ ಓದಿದೆ. ನಮ್ಮ ಮಿದುಳಿನಲ್ಲೇ ಗಾಂಜಾದ ಗುಣದ ರಸವೊಂದು ಊರುತ್ತದಂತೆ. ಹೆದರಿಕೆ ಕೂಗೆಬ್ಬಿಸಿದಾಗ 'ಇನ್ನು ಸಾಕು' ಎಂದು ಅದನ್ನು ಸುಮ್ಮನಾಗಿಸುವುದು ಆ ರಸದ ಕೆಲಸವಂತೆ. ಹೊರಗಿನಿಂದ ಸ್ವಲ್ಪ ಗಾಂಜಾ ಕೊಟ್ಟರೆ ಅದಕ್ಕೆ ಆಸರೆ. ಹೆಚ್ಚಾದರೆ ಅದೇ ಗಾಂಜಾ ಹೆದರಿಕೆಯನ್ನು ಹೆಚ್ಚಿಸುತ್ತದಂತೆ. ಬುಂತಾ ತಾತ ಅತ್ತೆ ಸೊಸೆಯರನ್ನು ಇಟ್ಟುಕೊಂಡು ಹೇಳಿದ್ದೂ ಇದನ್ನೇ. ನಿಮ್ಮ ಗೋಡೆಗೆ ಗೊತ್ತಿದ್ದದ್ದು ನಿಮಗೆ ಏಕೆ ಗೊತ್ತಾಗಲಿಲ್ಲ?

ಪರೀಕ್ಷೆಯ ದಿನ ನನ್ನನ್ನು ಮೂಲೆಯಲ್ಲಿ ಕೂರಿಸಿ, ಅಕ್ಕನ ನಾಲಿಗೆಯಡಿ ಎಣ್ಣೆ ಬಿಟ್ಟು, ಎಷ್ಟು ಹನಿ ಎಂದು ಹೇಳದೆ, ಕಲ್ಲುಮುಖದ ಮೂವರ ಎದುರು ನಿಲ್ಲಿಸಿದಿರಿ. ಅವರು ತಲೆಯಾಡಿಸಬಾರದು, ನಗಬಾರದು ಎಂಬುದು ಪರೀಕ್ಷೆಯ ನಿಯಮ. ಸಾವಿರದ ಇಪ್ಪತ್ತೆರಡರಿಂದ ಹದಿಮೂರು ಹದಿಮೂರಾಗಿ ಕಳೆಯುತ್ತ ಗಟ್ಟಿಯಾಗಿ ಹೇಳಬೇಕು. ಗಂಡನ ಸಾವಿನಿಂದ ನಡುಗಿದವಳನ್ನು ಲೆಕ್ಕದಿಂದ ನಡುಗಿಸಿ ನೋಡುವ ಈ ಉಪಾಯ ಯಾವ ಪುಣ್ಯಾತ್ಮನದೋ!

"ಸಾವಿರದ ಒಂಬತ್ತು... ಒಂಬೈನೂರ ತೊಂಬತ್ತಾರು... ಒಂಬೈನೂರ ಎಂಬತ್ತಾರು..."

"ತಪ್ಪು. ಮೊದಲಿಂದ ಹೇಳಿ," ಎಂದರು ಮೂವರಲ್ಲೊಬ್ಬರು.

"ಕ್ಷಮಿಸಿ ಡಾಕ್ಟ್ರೇ, ನನ್ ತಲೆ ಸ್ವಲ್ಪ ಮಂದ," ಎಂದು ಅಕ್ಕ ನಕ್ಕಳು.

"ತಪ್ಪು. ಮೊದಲಿಂದ."

ಮತ್ತೆ ನಕ್ಕಳು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಬೆರಳಿಗೆ ಸಿಕ್ಕಿಸಿದ ನಾಡಿಯಂತ್ರ ನಿಮಿಷಕ್ಕೆ ನೂರ ಮೂವತ್ತಾರು ಬಡಿತ ತೋರಿಸುತ್ತಿತ್ತು. ನರ್ಸ್ ಅದನ್ನು ನಿಮಗೆ ತೋರಿಸಿದಾಗ ನೀವು ಹೇಳಿದ್ದು ನನಗೆ ನೆನಪಿದೆ: "ಎಣ್ಣೆ ಕುಡಿದ್ರೆ ಎದೆ ಬಡ್ಕೊಳ್ಳೋದು ಮಾಮೂಲಿ ಕಣಮ್ಮ. ಮುಖ ನೋಡು, ಎಷ್ಟು ಆರಾಮಾಗಿ ನಗ್ತಾ ಇದಾಳೆ."

ಮಾನ್ಯರೇ, ನೀವೇನು ಬೇರೆ ದೇಶದಿಂದ ಇಳಿದು ಬಂದವರೇ? ಇದೇ ಅನ್ನ ತಿಂದು, ಇದೇ ಜನರ ನಡುವೆ ಬೆಳೆದವರಲ್ಲವೇ? ನಮ್ಮಲ್ಲಿ ಬೈಸಿಕೊಂಡವರು ನಗುತ್ತಾರೆ, ಬಿದ್ದವರು ನಗುತ್ತಾರೆ, ಕೆಲಸ ಕಳೆದುಕೊಂಡವರೂ ನಗುತ್ತಾರೆ. ತಮ್ಮ ಸಂಕಟದಿಂದ ಎದುರಿಗಿರುವ ದೊಡ್ಡವರಿಗೆ ಮುಜುಗರವಾಗಬಾರದಲ್ಲ! ನಿಮ್ಮ ಅಡುಗೆಯವಳು ನಿಮ್ಮ ಮುಂದೆ ದಿನಾ ಹಾಗೆ ನಗುತ್ತಿರಬೇಕು. ಅವಳೂ ಸುಖವಾಗಿದ್ದಾಳೆಂದು ಬರೆದಿಟ್ಟುಕೊಂಡಿದ್ದೀರಾ? ಹೊರಗಿನಿಂದ ತರಿಸಿದ ನಮೂನೆಯಲ್ಲಿ 'ನಗು' ಎಂಬುದಕ್ಕೆ ಒಂದೇ ಅರ್ಥವಿತ್ತು. ನೀವು ಮಣ್ಣಿನ ಬುದ್ಧಿಯನ್ನು ಬಾಗಿಲಲ್ಲೇ ಕಳಚಿಟ್ಟು ನಮೂನೆಯ ಬುದ್ಧಿ ತೊಟ್ಟಿರಿ.

ನನ್ನ ಪಾಲಿನ ಪಾಪವನ್ನೂ ಹೇಳಿಬಿಡುತ್ತೇನೆ. ಹೊರಡುವಾಗ ನೀವು ನನ್ನನ್ನು ಕೇಳಿದಿರಿ: "ಅಕ್ಕ ಈಗ ಪರವಾಗಿಲ್ಲ ಅಲ್ವೇನಮ್ಮ?" ಬಾಗಿಲ ಹಿಂದೆ ಅವಳು ವಾಂತಿ ಮಾಡುತ್ತಿದ್ದುದು ನನಗೆ ಕೇಳುತ್ತಿತ್ತು. ನಾನು ಕೈಮುಗಿದು, ನಕ್ಕು, "ಹೌದು ಸರ್" ಅಂದೆ.

ಮಾರನೆಯ ದಿನದಿಂದ ಆರೋಗ್ಯ ಸ್ವಯಂಸೇವಕಿ ಫಿಕುನ್ ಚಿಕ್ಕಮ್ಮ ಬೆಳಿಗ್ಗೆ ಏಳಕ್ಕೆ ಸೀಸೆ ಹಿಡಿದು ಬರುತ್ತಾಳೆ. ಒಳ್ಳೆಯ ಹೆಂಗಸು. "ಬಾಯ್ ತೆಗಿಯಮ್ಮ ಮಗಳೇ. ಏಳು... ಎಂಟು. ಹೆಂಗಿದೀಯ?" "ಚೆನ್ನಾಗಿದೀನಿ ಚಿಕ್ಕಮ್ಮ." ಚಿಕ್ಕಮ್ಮನ ಹಾಳೆಯಲ್ಲಿ ನಗುಮುಖದ ಚಿತ್ರದ ಮುಂದೆ ಒಂದು ಗುರುತು. ಚಿಕ್ಕಮ್ಮ ಗೇಟು ದಾಟಿದ ಮೇಲೆ ಅಕ್ಕ ಕಿಟಕಿಗಳಿಗೆ ಅಗುಳಿ ಹಾಕುತ್ತಾಳೆ. ಬೇಡವೆನ್ನು ಎಂದು ನಾನು ಎಷ್ಟು ಬೇಡಿಕೊಂಡೆ! "ಪಾಪ, ಅಷ್ಟು ದೂರದಿಂದ ನಡ್ಕೊಂಡ್ ಬರ್ತಾರೆ. ಹೆಂಗೆ ಬೇಡ ಅನ್ನಲಿ?" ಅನ್ನುತ್ತಾಳೆ.

ನಿನ್ನೆ ನಾನು ಸಂತೆಯಿಂದ ಬಂದಾಗ ಅವಳು ಗುಡಾಣದ ಮುಚ್ಚಳದ ಮೇಲೆ ಕೂತಿದ್ದಳು. ನೀರು ಮುಗಿದಿದ್ದ ಗುಡಾಣ, ಸಿಮೆಂಟಿನ ಮುಚ್ಚಳ.

"ಮುಕ್ ಎಲ್ಲಕ್ಕ?"

"ಶ್! ಮೆಲ್ಲಗೆ. ಬತ್ತಿ ಹಚ್ಚಿಬಿಟ್ಟಿದಾರೆ ಕಣೇ. ಇನ್ನೇನು ಸಿಡಿಯುತ್ತೆ."

ಅವಳನ್ನು ನೂಕಿ ಬೀಳಿಸಿ ಮುಚ್ಚಳ ಸರಿಸಿದೆ. ಮಗು ಮೊಣಕಾಲು ಅಪ್ಪಿ ಕೂತಿತ್ತು, ತುಟಿ ನೀಲಿಯಾಗಿತ್ತು. ಎಷ್ಟು ಹೊತ್ತಾಗಿತ್ತೋ ತಿಳಿಯದು. ಕೂಗಬಾರದಿತ್ತೇನೇ ಎಂದರೆ, "ಅಮ್ಮ ಸುಮ್ನಿರು ಅಂದಿದ್ಲು" ಅಂದಿತು. ನಾನು ಇನ್ನೊಂದು ಮನೆಯ ಹರಟೆಗೆ ನಿಂತಿದ್ದರೆ ನಿಮ್ಮ ಪ್ರಯೋಗಕ್ಕೆ ಇನ್ನೊಂದು ಕಡತ ಸೇರುತ್ತಿತ್ತು. ಅದಕ್ಕೂ 'ಶಾಂತ' ಎಂಬ ಷರಾ ಹೊಂದುತ್ತಿತ್ತು. ಆಗ ಮಾತ್ರ ನೀವು ಸುಳ್ಳು ಬರೆದಂತಾಗುತ್ತಿರಲಿಲ್ಲ.

ಗಾಂಜಾ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಅದು ಅಕ್ಕನನ್ನು ಒಮ್ಮೆ ಉಳಿಸಿದೆ. ಅವಳ ಕಡತದ 'ಶಾಂತ' ಹೊಡೆದುಹಾಕಿ 'ಹೆದರಿದ್ದಳು, ನಮಗೆ ತಿಳಿಯಲಿಲ್ಲ' ಎಂದು ಬರೆದು ನಿಮ್ಮ ಸಹಿ ಹಾಕಿ. ಎಂಟು ಹನಿಯ ಆದೇಶವನ್ನು ಇಂದೇ ರದ್ದುಮಾಡಿ. ಮನೋರೋಗದ ವೈದ್ಯರನ್ನು ಅವಳ ಬಳಿಗೆ ಕಳಿಸಿ. ಅವರು ನಮೂನೆ ತರುವುದು ಬೇಡ, ಒಂದು ಗಂಟೆ ಅವಳ ಪಕ್ಕ ಕೂರಲಿ. ಇದೇ ಎಣ್ಣೆ ಕುಡಿಯುತ್ತಿರುವ ಉಳಿದ ನಲವತ್ತು ಮನೆಗಳಲ್ಲಿ ಗುಡಾಣಗಳ ಮುಚ್ಚಳ ತೆಗೆಸಿ ನೋಡಿ.

ನಿಮ್ಮ ಉತ್ತರಕ್ಕೆ ನಾನು ಕಾಯುವುದಿಲ್ಲ. ನಾಳೆ ಏಳು ಗಂಟೆಗೆ ಸೀಸೆ ನಮ್ಮ ಹೊಸ್ತಿಲು ದಾಟದು. ಫಿಕುನ್ ಚಿಕ್ಕಮ್ಮನ ಮನಸ್ಸಿಗೆ ನೋವಾದರೆ ಆಗಲಿ.

ಇಂತಿ,
ಹತ್ತೊಂಬತ್ತು ದಿನ ತಡವಾಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಿರುವ
ಲಮ್ದುವನ್